ದ್ರಾಕ್ಷಿ ತೋಟದ ನೀರಿನ ಲೆಕ್ಕ ಮತ್ತು ನಮ್ಮ ತೋಟಗಳು

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ದ್ರಾಕ್ಷಿಯ ಮಾತೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಸೀಮೆಯ ಮಳೆಗಾಲಕ್ಕೆ ಆ ಬಳ್ಳಿ ಒಗ್ಗುವುದಿಲ್ಲ, ಅದನ್ನು ಬೆಳೆಯಿರೆಂದು ನಾವು ಯಾರಿಗೂ ಹೇಳಹೊರಟಿಲ್ಲ. ಆದರೆ ನೀರನ್ನು ಅಳೆದು ಕೊಡುವ ವಿದ್ಯೆಯಲ್ಲಿ ನಮ್ಮ ನಾಡಿನ ತೋಟಗಾರರ ಪೈಕಿ ಬಹಳ ಮುಂದೆ ಹೋದವರು ದ್ರಾಕ್ಷಿಯವರು. ಅದೇ ವಿದ್ಯೆ ಎಲ್ಲಿ ಮುಗ್ಗರಿಸುತ್ತದೆಂಬುದನ್ನೂ ಅವರ ಜಿಲ್ಲೆಗಳೇ ನಮಗಿಂತ ಮೊದಲು ಕಂಡಿವೆ. ಈ ಎರಡು ಕಾರಣಗಳಿಂದ ಅವರ ಅನುಭವ ನಮಗೆ ಬೇಕಾಗಿದೆ.

ನೀರಿನ ವಿಷಯದಲ್ಲಿ ಮಲೆನಾಡಿನವರು ಇನ್ನೊಬ್ಬರಿಂದ ಕಲಿಯುವುದೇನಿದೆ ಎಂಬ ಕಾಲ ಹೋಯಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷ, ಅಂದರೆ 2024ರ ಬೇಸಿಗೆಯಲ್ಲಿ, ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸುವ ದೃಶ್ಯ ಅಪರೂಪವಾಗಿ ಉಳಿಯಲಿಲ್ಲ. ಒಮ್ಮೆ ನೀರಿಲ್ಲದೆ ಬಸವಳಿದ ಅಡಿಕೆ ಮರ ಮತ್ತೆ ಮೊದಲಿನ ಕಸುವಿಗೆ ಬರಲು ಎರಡು ಮೂರು ವರ್ಷ ಬೇಕು. ಹೀಗಾಗಿ ಒಂದು ಬೇಸಿಗೆಯ ನೀರಿನ ಕೊರತೆ ಮೂರು ವರ್ಷದ ಫಸಲಿನ ಮಾತಾಗುತ್ತದೆ. ಬೆಲೆ ಎಷ್ಟೇ ಏರಲಿ, ಗೊನೆಯಿಲ್ಲದ ಮರಕ್ಕೆ ಬೆಲೆಯಿಂದ ಪ್ರಯೋಜನವೇನು?

ದ್ರಾಕ್ಷಿಯವರು ಹನಿಗೆ ಬಂದ ಬಗೆ

ಕರ್ನಾಟಕದಲ್ಲಿ ದ್ರಾಕ್ಷಿಗೆ ಮುಖ್ಯವಾಗಿ ಎರಡು ಸೀಮೆಗಳು. ಒಂದು, ಬೆಂಗಳೂರಿನ ಸುತ್ತಲಿನ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಕೋಲಾರದ ಸೀಮೆ. ಇಲ್ಲಿ ಬೆಂಗಳೂರು ನೀಲಿ ಮತ್ತು ದಿಲ್‌ಖುಷ್ ತಳಿಗಳು ಹೆಸರಾದವು. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಗುರುತು ದೊರಕಿದೆ. ಇನ್ನೊಂದು ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಒಣಸೀಮೆ. ಅಲ್ಲಿ ಥಾಮ್ಸನ್ ಸೀಡ್‌ಲೆಸ್ ಜಾತಿಯ ಬೀಜರಹಿತ ದ್ರಾಕ್ಷಿ ಬೆಳೆದು, ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋದಂತೆ ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ. ನಮ್ಮಲ್ಲಿ ಆಷಾಢದ ಒಂದೆರಡು ವಾರಗಳಲ್ಲಿ ಅಷ್ಟು ಮಳೆ ಸುರಿದುಹೋದದ್ದುಂಟು. ಅಷ್ಟೇ ನೀರಿನಲ್ಲಿ ಬಹುವಾರ್ಷಿಕ ಬೆಳೆಯೊಂದನ್ನು ಉಳಿಸಿ, ಫಸಲು ತೆಗೆದು, ಸಾಲ ತೀರಿಸುವುದೆಂದರೆ ಲೆಕ್ಕವಿಲ್ಲದೆ ಆಗುವ ಕೆಲಸವಲ್ಲ.

ಹನಿ ನೀರಾವರಿಯ ಈಗಿನ ರೂಪ ಇಸ್ರೇಲಿನಿಂದ ಬಂದದ್ದು. ಸಿಮ್ಚಾ ಬ್ಲಾಸ್ ಎಂಬ ಎಂಜಿನಿಯರರು ರೂಪಿಸಿದ ಹನಿಬಿಲ್ಲೆಯನ್ನು 1965ರಲ್ಲಿ ಹತ್ಜೆರಿಮ್ ಎಂಬ ಸಾಮೂಹಿಕ ಬೇಸಾಯದ ಹಳ್ಳಿಯವರು ಉದ್ಯಮವಾಗಿ ಕೈಗೆತ್ತಿಕೊಂಡರು. ಆದರೆ ಹನಿಸಿ ಕೊಡುವ ಯೋಚನೆ ಅಡಿಕೆಯವರಿಗೆ ಹೊಸದೆಂದು ತಿಳಿಯಬೇಕಾಗಿಲ್ಲ. ಮೇಘಾಲಯದ ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ ಇನ್ನೂರು ವರ್ಷಗಳಿಗೂ ಹಿಂದಿನಿಂದ ಬಿದಿರ ದಬ್ಬೆಗಳಲ್ಲಿ ಝರಿಯ ನೀರು ಹಿಡಿದು, ಅಡಿಕೆ ತೋಟದೊಳಗಿನ ವೀಳ್ಯದ ಬಳ್ಳಿಗಳಿಗೆ ಉಣಿಸುತ್ತ ಬಂದಿದ್ದಾರೆ. ಮೇಲೆ ನಿಮಿಷಕ್ಕೆ 18–20 ಲೀಟರಿನಂತೆ ದಬ್ಬೆಗೆ ಸೇರುವ ನೀರು, ಕವಲೊಡೆದು ಕವಲೊಡೆದು, ಬಳ್ಳಿಯ ಬುಡದಲ್ಲಿ ನಿಮಿಷಕ್ಕೆ 20ರಿಂದ 80 ಹನಿಯಾಗಿ ಬೀಳುತ್ತದೆ.

ಮಹಾರಾಷ್ಟ್ರದ ನಾಸಿಕ, ಸಾಂಗಲಿ, ಸೊಲ್ಲಾಪುರಗಳಲ್ಲಿ 1980ರ ದಶಕದಿಂದ ದ್ರಾಕ್ಷಿಗೆ ಹನಿ ಕೊಳವೆ ಹಬ್ಬಿತು. ಅಲ್ಲಿಂದ ನಮ್ಮ ವಿಜಯಪುರದ ಕಡೆಗೂ ಬಂತು. ಈಗ ಆ ಸೀಮೆಗಳಲ್ಲಿ ಕಾಲುವೆ ನೀರು ಹಾಯಿಸಿ ದ್ರಾಕ್ಷಿ ಬೆಳೆಯುವವರನ್ನು ಹುಡುಕಿದರೂ ಸಿಗುವುದು ಕಷ್ಟ.

ಕೊಳವೆಗಿಂತ ದೊಡ್ಡದು ಕಾಲಜ್ಞಾನ

ಇಷ್ಟು ಮಾತ್ರವಾಗಿದ್ದರೆ ಅದೊಂದು ಕೊಳವೆಯ ಕಥೆಯಾಗುತ್ತಿತ್ತು, ಅದನ್ನು ಕೊಳವೆ ಮಾರುವವರೇ ನಮಗೆ ಸಾಕಷ್ಟು ಹೇಳಿದ್ದಾರೆ. ನಾವು ಗಮನಿಸಬೇಕಾದುದು ಕೊಳವೆಯೊಳಗೆ ಎಷ್ಟು ನೀರು, ಯಾವ ತಿಂಗಳು, ಯಾತಕ್ಕಾಗಿ ಬಿಡುತ್ತಾರೆ ಎಂಬುದನ್ನು.

ಒಣಸೀಮೆಯ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಏಪ್ರಿಲ್ ಚಾಟ್ನಿಯಾದ ಮೊದಲ ನಲವತ್ತು ದಿನ ಚಿಗುರು ಬೆಳೆಯುವ ಕಾಲ, ಆಗ ನೀರು ಧಾರಾಳವಾಗಿ ಬೇಕು. ಅನಂತರ ಕಡ್ಡಿಯ ಕಣ್ಣಿನೊಳಗೆ ಮುಂದಿನ ಫಸಲಿನ ಗೊಂಚಲು ರೂಪುಗೊಳ್ಳಲು ತೊಡಗುತ್ತದೆ. ಆಗ ನೀರು ಹೆಚ್ಚಾದರೆ ಬಳ್ಳಿ ಎಲೆ, ಕುಡಿಗಳ ಕಡೆಗೇ ಓಡಿ ಗೊಂಚಲು ಕಡಿಮೆಯಾಗುತ್ತದೆ. ಆದುದರಿಂದ ಪುಣೆಯ ಬಳಿ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದವರು ನೀರಿನ ಪ್ರಮಾಣವನ್ನು ದಿನಕ್ಕಿಷ್ಟು ಎಂದು ಗೊತ್ತುಮಾಡಲಿಲ್ಲ. ತೆರೆದ ಬಾಣಲೆಯೊಂದರಿಂದ ದಿನಕ್ಕೆ ಎಷ್ಟು ಮಿ.ಮೀ. ನೀರು ಆವಿಯಾಗಿ ಹೋಯಿತೆಂದು ಅಳೆದು, ಪ್ರತಿ ಮಿ.ಮೀ.ಗೆ ಇಷ್ಟು ಲೀಟರ್ ಎಂದು ಹೇಳಿದರು. ಚಿಗುರು ಬೆಳೆಯುವಾಗ ಮತ್ತು ಕಾಯಿ ದಪ್ಪಗಾಗುವಾಗ ಹೆಕ್ಟೇರಿಗೆ ಮಿ.ಮೀ. ಒಂದಕ್ಕೆ ಸುಮಾರು 4,200 ಲೀಟರ್, ಮೊಗ್ಗು ಕಟ್ಟುವಾಗ ಮತ್ತು ಕಡ್ಡಿ ಮಾಗುವಾಗ ಅದರ ಮೂರನೆಯ ಒಂದು ಪಾಲು, ಅಂದರೆ 1,400 ಲೀಟರ್.

ಇದನ್ನು ಎಕರೆಗೆ ಇಳಿಸಿ ನೋಡೋಣ. ದಿನಕ್ಕೆ 8 ಮಿ.ಮೀ. ಆವಿಯಾಗುವ ಬಿಸಿಲಿನಲ್ಲಿ, ಚಿಗುರಿನ ಕಾಲದಲ್ಲಿ ಎಕರೆಗೆ ಸುಮಾರು 13,600 ಲೀಟರ್ ಬೇಕಾದರೆ, ಮೊಗ್ಗಿನ ಕಾಲದಲ್ಲಿ 4,500 ಲೀಟರ್ ಸಾಕು. ತೋಟ ಅದೇ, ಬಿಸಿಲು ಅದೇ, ಕೊಳವೆಯೂ ಅದೇ. ದಿನಕ್ಕೆ 9,000 ಲೀಟರ್ ಉಳಿಯುವುದು ಬೆಳೆಗಾರನಿಗೆ ಬಳ್ಳಿಯ ದೇಹಸ್ಥಿತಿ ತಿಳಿದಿರುವುದರಿಂದ.

ಆಸ್ಟ್ರೇಲಿಯದ ದ್ರಾಕ್ಷಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1990ರ ದಶಕದಲ್ಲಿ ಅಡಿಲೇಡಿನ ವಿಜ್ಞಾನಿಗಳು ಬಳ್ಳಿಯ ಎರಡೂ ಬದಿಗೆ ಕೊಳವೆ ಹಾಕಿ, ಒಂದು ಸಲ ಒಂದು ಬದಿಯ ಬೇರಿಗೆ ಮಾತ್ರ ನೀರು ಕೊಟ್ಟು, ಕೆಲವು ದಿನಗಳ ಅನಂತರ ಬದಿ ಬದಲಿಸಿದರು. ಒಣಗಿದ ಬದಿಯ ಬೇರು ಎಲೆಗಳಿಗೆ ಒಂದು ರಾಸಾಯನಿಕ ಸೂಚನೆ ಕಳುಹಿಸುತ್ತದೆ. ಎಲೆ ತನ್ನ ರಂಧ್ರಗಳನ್ನು ಅರೆಮುಚ್ಚಿ ನೀರು ಮಿತಗೊಳಿಸುತ್ತದೆ. ನೀರುಂಡ ಬದಿಯ ಬೇರು ಗಿಡವನ್ನು ಬಾಡದಂತೆ ಕಾಯುತ್ತದೆ. ಮುಂದಿನ ಪ್ರಯೋಗಗಳಲ್ಲಿ, ಅಷ್ಟೇ ಕಡಿಮೆ ನೀರನ್ನು ಎರಡೂ ಬದಿಗೆ ಹಂಚಿ ಕೊಟ್ಟರೂ ಅನೇಕ ಕಡೆ ಸರಿಸುಮಾರು ಅದೇ ಫಲ ಬರುತ್ತದೆಂದು ಕಂಡುಬಂತು. ಬದಿ ಬದಲಿಸುವ ಜಾಣ್ಮೆಗಿಂತ ಯಾವ ಹಂತದಲ್ಲಿ ಎಷ್ಟು ಕಡಿಮೆ ಮಾಡಬಹುದೆಂಬ ಅರಿವೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಈ ಅರಿವು ನಮ್ಮ ಕಾಫಿಯವರಿಗೆ ಅಪರಿಚಿತವಲ್ಲ. ರೊಬಸ್ಟಾ ಗಿಡಕ್ಕೆ ಹೂಮಳೆಗೆ ಮೊದಲು ಒಣ ದಿನಗಳು ಬೇಕು. ಮೊಗ್ಗು ಬಲಿಯುವ ಮುನ್ನ ನೀರು ಕೊಟ್ಟರೆ ಹೂವು ಕೆಡುತ್ತದೆ. ಬಲಿತ ಮೇಲೆ ಅರೆಬರೆ ಕೊಟ್ಟರೂ ಕೆಡುತ್ತದೆ. ಒಣಗಿಸುವ ಕಾಲ, ನೆನೆಸುವ ಕಾಲ ಎಂಬ ಭೇದವನ್ನು ಕಾಫಿ ಬೆಳೆಗಾರ ತಲೆಮಾರುಗಳಿಂದ ಬಲ್ಲ. ಆದರೆ ಕೊಡುವ ನೀರಿನ ಪ್ರಮಾಣದ ಲೆಕ್ಕವನ್ನು ಎಷ್ಟು ಮಂದಿ ಇಟ್ಟಿದ್ದಾರೆ?

ನಮ್ಮ ತೋಟಗಳ ಲೆಕ್ಕ

ಎಕರೆ ಭೂಮಿಯ ಮೇಲೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹತ್ತು ಎಕರೆ ರೊಬಸ್ಟಾ ಇರುವವರು ಹೂವಿಗೆಂದು ಒಂದೂವರೆ ಇಂಚು ಸ್ಪ್ರಿಂಕ್ಲರ್ ಹಾಯಿಸಿದರೆ 15 ಲಕ್ಷ ಲೀಟರ್ ಆಯಿತು. ಎರಡು ಮೂರು ವಾರ ಬಿಟ್ಟು ಬೆಂಬಲ ನೀರೆಂದು ಮತ್ತೊಂದು ಇಂಚು ಕೊಟ್ಟರೆ ಒಟ್ಟು 25 ಲಕ್ಷ. ಒಂದೇ ಹೊಳೆಯ ದಂಡೆಯ ತೋಟಗಳೆಲ್ಲ ಫೆಬ್ರವರಿ, ಮಾರ್ಚಿಯ ಅದೇ ಹದಿನೈದು ದಿನಗಳಲ್ಲಿ ಪಂಪು ಹೂಡುವುದರಿಂದ, ಹೊಳೆ ಕೆಳಗಿನವರಿಗೆ ಮುಟ್ಟದೆ ನಿಲ್ಲುವುದು ಆಶ್ಚರ್ಯವಲ್ಲ.

ಅಡಿಕೆಯ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ವಿಟ್ಲದ ಸಂಶೋಧನ ಕೇಂದ್ರದ ಶಿಫಾರಸಿನಂತೆ ಬುಡಕ್ಕೆ ನೀರು ಹಾಯಿಸುವ ಪದ್ಧತಿಯಲ್ಲಿ ಮರವೊಂದಕ್ಕೆ ಪ್ರತಿ ಸಲ 175 ಲೀಟರ್. ನವೆಂಬರ್, ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿಯಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ಹನಿ ನೀರಾವರಿಯಾದರೆ ದಿನಕ್ಕೆ ಮರಕ್ಕೆ 16ರಿಂದ 20 ಲೀಟರ್ ಸಾಕು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಕಡುಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಹಾಯಿಸುವವರಿಗೆ ದಿನದ ಸರಾಸರಿ 23,600 ಲೀಟರ್ ಬೇಕು. ಹನಿಯವರಿಗೆ 10,800 ಲೀಟರ್. ಅರ್ಧಕ್ಕಿಂತ ಹೆಚ್ಚು ಉಳಿತಾಯ. ಇಲ್ಲಿಯವರೆಗೆ ಎಲ್ಲರೂ ಸಂತೋಷಪಡತಕ್ಕ ಮಾತೇ.

ಉಳಿದ ನೀರು ಎಲ್ಲಿಗೆ ಹೋಯಿತು?

ಈಗ ನಿಷ್ಠುರದ ಮಾತಿಗೆ ಬರೋಣ. ಎಕರೆಗೆ 12,800 ಲೀಟರ್ ಉಳಿಸಿದ ಬೆಳೆಗಾರ ಆ ನೀರನ್ನು ಏನು ಮಾಡಿದ? ಬಹುಪಾಲು ಕಡೆಗಳಲ್ಲಿ ಪಕ್ಕದ ಗದ್ದೆಗೆ ಮಣ್ಣು ಹಾಕಿಸಿ ಇನ್ನೊಂದು ಎಕರೆ ಅಡಿಕೆ ನೆಟ್ಟ. ಎರಡು ಎಕರೆಗೆ ಹನಿಯಲ್ಲಿ ಬೇಕಾಗುವುದು 21,600 ಲೀಟರ್. ಮೊದಲು ಬಾವಿಯಿಂದ ಎತ್ತುತ್ತಿದ್ದುದು 23,600. ಬಾವಿಗೆ ಉಳಿದದ್ದು ಎರಡೇ ಸಾವಿರ ಲೀಟರ್.

ಅದೂ ನಿಜವಾಗಿ ಉಳಿದಿಲ್ಲ. ಕಣಿಗೆ ನೀರು ಹರಿಸಿ ಬುಡಕ್ಕೆ ಎರಚುತ್ತಿದ್ದ ಕಾಲದಲ್ಲಿ ಮರ ಕುಡಿದು, ಬಿಸಿಲಿಗೆ ಆರಿ ಉಳಿದ ನೀರು ನೆಲಕ್ಕೆ ಇಳಿಯುತ್ತಿತ್ತು. ಅದು ಕೆಳಗಿನ ತೋಟದವನ ಬಾವಿಗೋ, ಕೊನೆಗೆ ಹಳ್ಳಕ್ಕೋ ಸೇರುತ್ತಿತ್ತು. ಮೇಲಿನವನು ಪೋಲು ಮಾಡಿದ್ದು ಕೆಳಗಿನವನಿಗೆ ಒರತೆಯಾಗುತ್ತಿತ್ತು. ಹನಿ ಬಂದ ಮೇಲೆ ಇಳಿಯುವುದು ನಿಂತಿತು. ಎರಡನೆಯ ಎಕರೆ ಬಂದ ಮೇಲೆ ಎತ್ತಿದ ನೀರೆಲ್ಲ ಮರದ ಮೂಲಕ ಆಕಾಶಕ್ಕೆ ಹೋಗತೊಡಗಿತು. ಎತ್ತುವ ಲೆಕ್ಕದಲ್ಲಿ ಸಮ, ನೆಲ ಕಳೆದುಕೊಳ್ಳುವ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಮ್ಮಡಿ! ತನ್ನ ತೋಟದಲ್ಲಿ ನೀರು ಉಳಿಸಿದ ಬೆಳೆಗಾರನೇ, ಊರಿನ ಬಾವಿಗಳ ಮಟ್ಟದಿಂದ ನೋಡಿದರೆ, ಮೊದಲಿಗಿಂತ ಹೆಚ್ಚು ನೀರು ಖರ್ಚುಮಾಡಿದವನಾಗುತ್ತಾನೆ.

ಇದು ನಮ್ಮ ಕಲ್ಪನೆಯ ಮಾತಲ್ಲ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರಗಳು ಬಂದಂತೆ ಕಲ್ಲಿದ್ದಲಿನ ಖರ್ಚು ಹೆಚ್ಚಿತೇ ಹೊರತು ಇಳಿಯಲಿಲ್ಲವೆಂದು ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಬರೆದಿದ್ದ. ನೀರಾವರಿಯಲ್ಲಿಯೂ ಹಾಗೆಯೇ ಆಗುತ್ತದೆಂದು, ಒಟ್ಟು ಬಳಕೆಗೆ ಮಿತಿಯಿಲ್ಲದ ಕಡೆ ಉಳಿತಾಯದ ಪದ್ಧತಿಗಳು ನದಿಗೂ ಅಂತರ್ಜಲಕ್ಕೂ ನೀರು ಉಳಿಸಿಕೊಡುವುದು ವಿರಳವೆಂದು, 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ಸೇರಿ ಬರೆದರು.

ದ್ರಾಕ್ಷಿಯ ಜಿಲ್ಲೆಗಳಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆದುಹೋಗಿದೆ. ಕೋಲಾರ, ಚಿಕ್ಕಬಳ್ಳಾಪುರಗಳ ತೋಟಗಾರರು ಹನಿಯನ್ನು ಬೇಗ ಅಪ್ಪಿಕೊಂಡವರು, ಶ್ರಮಜೀವಿಗಳು, ಲೆಕ್ಕದಲ್ಲಿ ಗಟ್ಟಿಗರು. ಹಾಗಿದ್ದೂ ಅಲ್ಲಿ ಕೊಳವೆ ಬಾವಿ ಸಾವಿರ ಅಡಿ ದಾಟಿತು, ಎರಡೂ ಜಿಲ್ಲೆ ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಗೆ ಸೇರಿತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸಬೇಕಾಯಿತು. ಒಣಸೀಮೆಯಲ್ಲಿ ಬರದ ವರ್ಷಗಳಲ್ಲಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡವರು ಬಹಳ. ಮಳೆ ನೀರು ಹಿಡಿಯಲೆಂದು ತೋಡಿ ಪ್ಲಾಸ್ಟಿಕ್ ಹಾಸಿದ ಹೊಂಡಗಳನ್ನು ಕೊಳವೆ ಬಾವಿಯ ನೀರಿನಿಂದ ತುಂಬಿಸಿಡುವ ಚಾಳಿಯೂ ಬೆಳೆಯಿತು. ಎಲ್ಲರಿಗೂ ಸೇರಿದ ನೆಲದಡಿಯ ನೀರು ಹೀಗೆ ಒಬ್ಬರ ಹೊಂಡಕ್ಕೆ ಬಂದು ಬಿಸಿಲಿಗೆ ಆವಿಯಾಗುತ್ತ ಕೂರುತ್ತದೆ. ಪದ್ಧತಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹನಿ ಇಲ್ಲದಿದ್ದರೆ ಅಲ್ಲಿ ದ್ರಾಕ್ಷಿಯೇ ಉಳಿಯುತ್ತಿರಲಿಲ್ಲ. ಒಬ್ಬೊಬ್ಬರೂ ತೋಟದೊಳಗೆ ಲೆಕ್ಕವಿಟ್ಟರು, ಊರಿಗೆಲ್ಲ ಸೇರಿದ ಲೆಕ್ಕವನ್ನು ಯಾರೂ ಇಡಲಿಲ್ಲ, ಕೊರತೆ ಅಲ್ಲಿದೆ.

ಈಗ ಚನ್ನಗಿರಿ, ಹೊಸದುರ್ಗ, ತರೀಕೆರೆ, ಕಡೂರಿನ ಕಡೆಗಳಲ್ಲಿ ಅಡಿಕೆ ಹಬ್ಬುತ್ತಿರುವ ವೇಗ ನೋಡಿದರೆ, ದ್ರಾಕ್ಷಿಯ ಸೀಮೆ ನಡೆದ ದಾರಿಯಲ್ಲೇ ನಮ್ಮ ಬೆಳೆಯೂ ನಡೆದಿದೆ ಎನ್ನದೆ ವಿಧಿಯಿಲ್ಲ. ಒಂದು ಭೇದವುಂಟು. ದ್ರಾಕ್ಷಿಯವರು ಏಪ್ರಿಲಿನಲ್ಲಿ ಕಡ್ಡಿ ಕತ್ತರಿಸಿ, ಎಲೆ ಕಡಿಮೆ ಮಾಡಿ, ಬರದ ವರ್ಷ ಫಸಲು ಬಿಟ್ಟಾದರೂ ಬಳ್ಳಿ ಉಳಿಸಿಕೊಳ್ಳಬಲ್ಲರು. ಅಡಿಕೆ ಮರಕ್ಕೆ ಚಾಟ್ನಿ ಇಲ್ಲ. ಸುಳಿ ಬಾಡಿತೆಂದರೆ ಮರ ಹೋಯಿತು.

ಬೆಳೆಗಾರರ ಆಕ್ಷೇಪ

"ನನ್ನ ಕೈಯಿಂದ ಹಣ ಹಾಕಿ, ಸಾಲಮಾಡಿ, ಕೊಳವೆ ಎಳೆಸಿ ನೀರು ಉಳಿಸಿದವನು ನಾನು. ಆ ನೀರಲ್ಲಿ ಇನ್ನೊಂದು ಎಕರೆ ಬೆಳೆಸಬಾರದೆನ್ನಲು ನೀವು ಯಾರು?" ಎಂದು ಸದಸ್ಯರು ಕೇಳುವುದು ಸಹಜ. ಅದರಲ್ಲಿ ಸತ್ಯವೂ ಇದೆ. ಎರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಇನ್ನರ್ಧ ಎಕರೆ ಎಂದರೆ ಮಕ್ಕಳ ಓದು, ಮಗಳ ಮದುವೆ. ಅದನ್ನು ಕಿತ್ತುಕೊಂಡು ನೀರುಳಿಸಿರೆನ್ನುವುದು ನಮ್ಮ ಉದ್ದೇಶವಲ್ಲ. ಗದ್ದೆಯಲ್ಲಿ ಭತ್ತಕ್ಕೆ ಖರ್ಚು ಹುಟ್ಟದಿರುವಾಗ ಅಡಿಕೆ ನೆಟ್ಟವರನ್ನು ಹಳಿಯುವುದೂ ತರವಲ್ಲ.

ಆದರೆ ಎರಡು ಮಾತು ವಿಚಾರಿಸಬೇಕು. ಮೊದಲನೆಯದಾಗಿ, ಕೊಳವೆಗೆ ಸರ್ಕಾರದ ಸಹಾಯಧನವಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಕಾಲದಿಂದ ಅದು ಇನ್ನಷ್ಟು ವಿಸ್ತರಿಸಿತು. 10 ಅಶ್ವಶಕ್ತಿಯವರೆಗಿನ ಬಹುಪಾಲು ಕೃಷಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಹೀಗಿರಲಾಗಿ ಉಳಿತಾಯವೆಲ್ಲ ಒಬ್ಬನ ಸ್ವಂತ ದುಡಿಮೆಯೆನ್ನಲಾಗದು, ಸಾರ್ವಜನಿಕರ ಪಾಲೂ ಅದರಲ್ಲಿದೆ. ಎರಡನೆಯದಾಗಿ, ನೆಲದಡಿಯ ನೀರಿಗೆ ಬೇಲಿಯಿಲ್ಲ. ನನ್ನ ಎರಡನೆಯ ಎಕರೆ ಬದುಕುವುದು ಕೆಳಗಿನವನ ಮೊದಲನೆಯ ಎಕರೆಯ ನೀರಿನಿಂದ ಎಂದಾದರೆ, ನಾಳೆ ನನ್ನ ಮೇಲಿನವನೂ ಹಾಗೆಯೇ ಮಾಡುವನು. ಆಗ ನಾನು ಇನ್ನೂರು ಅಡಿ ಆಳಕ್ಕೆ ಹೋಗಬೇಕು. ಉಳಿಸಿದ್ದೆಲ್ಲ ಕೊರೆಯುವ ಲಾರಿಯವರಿಗೆ ಕೊಟ್ಟಂತಾಯಿತು!

ಇನ್ನೊಂದು ಕಾರಣಕ್ಕೂ ನಮ್ಮ ಲೆಕ್ಕ ನಮ್ಮಲ್ಲಿರಬೇಕು. ಸಕಲೇಶಪುರದ ಹೊಳೆಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆ ನೀರು ಹೋಗಬೇಕಾದ ಊರುಗಳಲ್ಲಿ ದ್ರಾಕ್ಷಿಯ ಕೋಲಾರ, ಚಿಕ್ಕಬಳ್ಳಾಪುರಗಳೂ ಸೇರಿವೆ. ನಮ್ಮ ನೀರು ನಮಗೇ ಸಾಲದೆಂದು ಮಲೆನಾಡಿನವರು ಹೇಳುತ್ತ ಬಂದಿದ್ದೇವೆ. ಎಷ್ಟು ಬೇಕು, ಎಷ್ಟು ಬಳಸುತ್ತೀರಿ, ಮಾರ್ಚಿಯಲ್ಲಿ ನಿಮ್ಮ ಹಳ್ಳದಲ್ಲಿ ಎಷ್ಟು ಉಳಿಯುತ್ತದೆ ಎಂದು ಯಾರಾದರೂ ಎದುರು ಪ್ರಶ್ನೆ ಹಾಕಿದರೆ, ಮುಂದಿಡಲು ನಮ್ಮಲ್ಲಿ ಒಂದು ಪುಸ್ತಕವಾದರೂ ಬೇಡವೆ? ಅಂಕಿ ಇಲ್ಲದವನ ಅಹವಾಲಿಗೆ ಕಚೇರಿಗಳಲ್ಲಿ ಬೆಲೆ ಕಡಿಮೆ.

ಸಂಘದ ಮುಂದೆ ನಾವಿಡುವ ಸಲಹೆಗಳು

ಒಂದು: ಸಂಘದ ಮೂಲಕ ನೀರಾವರಿ ಸಾಲ ಪಡೆಯುವ ಪ್ರತಿಯೊಬ್ಬರೂ ಪಂಪಿನ ಬಾಯಿಗೆ ಒಂದು ನೀರಿನ ಮೀಟರ್ ಹಾಕಿಸಬೇಕೆಂಬ ನಿಯಮವಿರಲಿ, ಮೀಟರಿನ ಬೆಲೆಯನ್ನು ಸಾಲದಲ್ಲೇ ಸೇರಿಸಲಿ. ಮೀಟರ್ ಇಲ್ಲದವರು 200 ಲೀಟರಿನ ಡ್ರಮ್ಮನ್ನು ಪಂಪಿಗೆ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬಿತೆಂದು ಗಡಿಯಾರ ನೋಡಲಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 18,000 ಲೀಟರ್. ಪಂಪು ಓಡಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರೂ ವರ್ಷದ ಲೆಕ್ಕ ಸಿಗುತ್ತದೆ.

ಎರಡು: ಪ್ರತಿ ಗ್ರಾಮದಲ್ಲಿ ಮೇಲಿನ, ನಡುವಿನ, ಕೆಳಗಿನ ಒಂದೊಂದು ತೆರೆದ ಬಾವಿ ಆರಿಸಿ, ಡಿಸೆಂಬರಿನಿಂದ ಮೇವರೆಗೆ ಪ್ರತಿ ತಿಂಗಳ ಮೊದಲ ದಿನ ನೀರಿನ ಮಟ್ಟವನ್ನು ಗಂಟುಹಗ್ಗದಿಂದ ಅಳೆದು ಸಂಘದ ಹಲಗೆಯ ಮೇಲೆ ಬರೆಯಬೇಕು. ಮಹಾರಾಷ್ಟ್ರದಲ್ಲಿ, ಹಿಂದೆ ಅಹಮದನಗರವೆನ್ನುತ್ತಿದ್ದ ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಎಂಬ ಹಳ್ಳಿಯವರು, ಆ ವರ್ಷದ ಮಳೆ ನೋಡಿ ಊರಿನ ನೀರಿನ ಆಯವ್ಯಯ ಮಾಡಿ ಬೆಳೆ ನಿರ್ಧರಿಸುತ್ತಾರೆ. ನೀರಾವರಿಗೆ ಕೊಳವೆ ಬಾವಿ ಕೊರೆಯುವುದನ್ನೇ ಅವರು ನಿಲ್ಲಿಸಿದ್ದಾರೆ. ನಾವು ಅಷ್ಟು ದೂರ ಹೋಗದಿದ್ದರೂ ಆಯವ್ಯಯದ ಆಯದ ಭಾಗವನ್ನಾದರೂ ತಿಳಿದಿರೋಣ. ಅಂತರ್ಜಲದ ನಿಯಂತ್ರಣಕ್ಕೆ ನಮ್ಮ ರಾಜ್ಯ 2011ರಲ್ಲೇ ಕಾನೂನು ಮಾಡಿದೆ. ಕಾನೂನು ಮನೆ ಬಾಗಿಲಿಗೆ ಬರುವ ಮೊದಲು ನಾವೇ ಲೆಕ್ಕವಿಟ್ಟುಕೊಳ್ಳುವುದು ಲೇಸು.

ಮೂರು: ಮೂರೂ ಬಾವಿಗಳ ಮಟ್ಟ ಸತತ ಎರಡು ಬೇಸಿಗೆ ಇಳಿಮುಖವಾದ ಊರಿನಲ್ಲಿ, ಹೊಸ ವಿಸ್ತೀರ್ಣದ ಅಡಿಕೆಗೆ ಸಂಘದ ಸಾಲ ಕೊಡಬಾರದು. ಹಳೆಯ ತೋಟಕ್ಕೆ ಹನಿ, ಹೊದಿಕೆ, ಇಂಗುಗುಂಡಿ, ಹಳ್ಳಕ್ಕೆ ಕಟ್ಟ, ಮದಕದ ಹೂಳೆತ್ತುವಿಕೆ ಇವುಗಳಿಗೆ ಧಾರಾಳವಾಗಿ ಕೊಡಲಿ. ಇದು ಕಹಿ ಮಾತೆಂದು ನಮಗೆ ಗೊತ್ತಿದೆ. ಎರಡು ಎಕರೆಗಿಂತ ಕಡಿಮೆ ಇರುವವರಿಗೆ ವಿನಾಯಿತಿ ಬೇಕೆಂದರೆ ಅದನ್ನು ಸಭೆಯಲ್ಲಿ ಚರ್ಚಿಸಿ ಸೇರಿಸಬಹುದು.

ನಾಲ್ಕು: ಒಂದೇ ಹಳ್ಳದಿಂದ ಕಾಫಿಗೆ ಹೂವಿನ ನೀರು ಎತ್ತುವವರು ಜನವರಿಯಲ್ಲೇ ಕೂತು ಸರದಿ ಗೊತ್ತುಮಾಡಿಕೊಳ್ಳಬೇಕು. ಮೊಗ್ಗು ಬಲಿತ ಬ್ಲಾಕು ಮೊದಲು, ಉಳಿದದ್ದು ಅನಂತರ. ಹೆಚ್ಚು ಅಶ್ವಶಕ್ತಿಯ ಪಂಪು ಇದ್ದವನಿಗೆ ಹೆಚ್ಚು ನೀರೆಂಬುದು ನ್ಯಾಯವೂ ಅಲ್ಲ, ವ್ಯವಸಾಯವೂ ಅಲ್ಲ.

ಕೊಳವೆ ಹಾಕಿಸಿಕೊಂಡವರಿಗೆ

ಹನಿ ಹಾಕಿಸಿದ ಮರುವರ್ಷವೇ ಕೆಲಸ ಮಾಡುವುದಿಲ್ಲವೆಂದು ಕಿತ್ತು ಸುರುಳಿ ಸುತ್ತಿಟ್ಟವರು ನಮ್ಮಲ್ಲಿ ಕಡಿಮೆಯಲ್ಲ. ದ್ರಾಕ್ಷಿಯವರ ಉಸ್ತುವಾರಿಯನ್ನು ಇಲ್ಲಿ ಅನುಸರಿಸಬೇಕು. ಗಂಟೆಗೆ 4 ಲೀಟರಿನ ಹನಿಬಿಲ್ಲೆಯ ಕೆಳಗೆ ಪಾತ್ರೆಯಿಟ್ಟರೆ 15 ನಿಮಿಷಕ್ಕೆ ಒಂದು ಲೀಟರ್ ಬೀಳಬೇಕು. ಸಾಲಿನ ಮೊದಲ ಮರ, ಕೊನೆಯ ಮರ ಎರಡರಲ್ಲೂ ಪರೀಕ್ಷಿಸಿರಿ. ಕೊನೆಯದರಲ್ಲಿ ಬಹಳ ಕಡಿಮೆ ಬಿದ್ದರೆ ಒತ್ತಡ ಸಾಲದು, ಇಲ್ಲವೆ ಬಿಲ್ಲೆ ಕಟ್ಟಿದೆ ಎಂದರ್ಥ. ಬಯಲುಸೀಮೆಯಲ್ಲಿ ಸುಣ್ಣದಂಶ ಕಟ್ಟಿಕೊಂಡರೆ ನಮ್ಮಲ್ಲಿ ಕಬ್ಬಿಣದ ಕೆಂಪು ಲೋಳೆ ಮತ್ತು ಪಾಚಿ ಕಟ್ಟಿಕೊಳ್ಳುತ್ತವೆ. ಹೊಳೆ, ಕೆರೆಯ ನೀರಿಗೆ ಜಾಲರಿ ಸೋಸುಕವೊಂದೇ ಸಾಲದು, ಮರಳು ಸೋಸುಕವೂ ಬೇಕು. ವಾರಕ್ಕೊಮ್ಮೆ ಕೊಳವೆಗಳ ಕೊನೆಯ ಬಿರಡೆ ತೆಗೆದು ನೀರು ತಿಳಿಯಾಗುವವರೆಗೆ ಹರಿಯಬಿಡಬೇಕು.

ದ್ರಾಕ್ಷಿಯವರು ಬುಡಕ್ಕೆ ಕಬ್ಬಿನ ಸಿಪ್ಪೆ ಹೊದಿಸಿ ತೇವ ಕಾಯುತ್ತಾರೆ. ನಮಗೆ ಅಡಿಕೆ ಸೋಗೆ, ಸಿಪ್ಪೆ, ತರಗೆಲೆಗಳಿಗೆ ಬರವೇನೂ ಇಲ್ಲ. ನವೆಂಬರಿನಲ್ಲಿ ಮಣ್ಣು ಇನ್ನೂ ಹಸಿಯಿರುವಾಗಲೇ ಹೊದಿಕೆ ಬೀಳಬೇಕು. ಫೆಬ್ರವರಿಯಲ್ಲಿ ಹಾಕಿದ್ದು ಒಣ ಮಣ್ಣಿಗೆ ಕಂಬಳಿ ಹೊದಿಸಿದಂತೆ. ಮಳೆ ನಿಂತೊಡನೆ ದಿನಕ್ಕೆ 20 ಲೀಟರ್ ಆರಂಭಿಸಬೇಕಾಗಿಲ್ಲ. ಒಂದು ಅಡಿ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆಯಾಗುತ್ತದೆಯೇ ನೋಡಿ, ಉಂಡೆ ಒಡೆಯತೊಡಗಿದಾಗ ಆರಂಭಿಸಿದರಾಯಿತು.

ದ್ರಾಕ್ಷಿಯವರ ಅನುಭವದಿಂದ ನಮಗೆ ತಿಳಿಯುವುದು ಇಷ್ಟು: ಹನಿ ಕೊಳವೆ ಒಳ್ಳೆಯ ಆಳು, ಯಜಮಾನಿಕೆ ಅದಕ್ಕೆ ಬಿಡಬಾರದು. ಉಳಿದ ನೀರಿನಲ್ಲಿ ಒಂದು ಪಾಲನ್ನಾದರೂ ನೆಲದಲ್ಲೇ ಬಿಡುವೆವೆಂಬ ಕಟ್ಟುಪಾಡು ನೆರೆಹೊರೆಯವರೊಳಗೆ ಇಲ್ಲದೆ ಹೋದರೆ, ಎಷ್ಟು ಸಹಾಯಧನ ಬಂದರೂ ಬಾವಿಯ ನೀರು ಮೇಲೇರದು. ಮೇಲಿನ ನಾಲ್ಕು ಸಲಹೆಗಳನ್ನು ಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ. ಒಪ್ಪದವರು ತಮ್ಮ ಆಕ್ಷೇಪಗಳನ್ನು ಬರೆದು ಕಳುಹಿಸಲಿ, ಈ ಪುಟಗಳಲ್ಲಿ ಅವಕ್ಕೆ ಸ್ಥಳವಿದೆ. ಚರ್ಚೆ ಈ ಮಳೆಗಾಲದೊಳಗೆ ಮುಗಿದು, ಡಿಸೆಂಬರ್ ಒಂದರಂದು ಮೊದಲ ಬಾವಿಯ ಅಳತೆ ಹಲಗೆಯ ಮೇಲೆ ಬೀಳುವಂತಾಗಲಿ.